ಭೀಮಾ ದಂಡೆಯ ಊರಲ್ಲಿ ಮನೆ ಇದೆ, ಪ್ರವಾಹ ಬಂದರೆ ಏನು ಮಾಡಬೇಕು?

ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ಕಡೆ ಹೊಳೆ ಹತ್ತಿರ ಇರುವವರು ಊರಲ್ಲಿ ಮಳೆ ನಿಂತಿದೆ ಅಂತ ಸುಮ್ನೆ ಕೂರಬೇಡಿ. ಭೀಮೆಯ ನೀರು ಬರುವುದು ಮಹಾರಾಷ್ಟ್ರದಿಂದ. ಉಜನಿ ಜಲಾಶಯದಿಂದ ಜಾಸ್ತಿ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದಾಗಲೂ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ದಂಡೆಯ ಎಷ್ಟೋ ಊರಿಗೆ ನೀರು ನುಗ್ಗಿತ್ತು. ಹಾಗಾಗಿ ಉಜನಿ ಮತ್ತು ಅಫಜಲಪುರ ತಾಲೂಕಿನಲ್ಲಿ ಭೀಮೆಗೆ ಕಟ್ಟಿರುವ ಸೊನ್ನ ಬ್ಯಾರೇಜ್ ಸುದ್ದಿ ಕೇಳುತ್ತಿರಿ. ಡಂಗುರ ಸಾರಿದರೆ ಕೂಡಲೇ ಹೊರಡಿ.

ನೀರು ಒಳಗೆ ಬರುವ ಮೊದಲೇ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡಿ. ನೀರಲ್ಲಿ ನಿಂತು ಅದನ್ನು ಮುಟ್ಟಲೇಬೇಡಿ. ಗ್ಯಾಸ್ ಬಂದ್ ಮಾಡಿ. ಪಹಣಿ, ಆಧಾರ್, ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ. ಜೋಳ, ತೊಗರಿ ಚೀಲ ಎತ್ತರಕ್ಕೆ. ದನಗಳನ್ನು ಎತ್ತರದ ಜಾಗಕ್ಕೆ ಹೊಡೆಯಲು ಆಗದಿದ್ದರೆ ಹಗ್ಗವನ್ನಾದರೂ ಬಿಚ್ಚಿ, ಪಾಪ, ಕಟ್ಟಿದಲ್ಲೇ ಮುಳುಗುತ್ತವೆ.

ನನಗೆ ಜಾಸ್ತಿ ಭಯ ಮಣ್ಣಿನ ಮಾಳಿಗೆ (ಮಣ್ಣು ಹಾಕಿದ ಚಪ್ಪಟೆ ಛಾವಣಿ) ಮನೆಗಳದ್ದು. ನಾಲ್ಕು ದಿನ ಜಿಟಿಜಿಟಿ ಮಳೆ ಹಿಡಿದರೆ ಮಾಳಿಗೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಗೋಡೆಯ ಬುಡ ಮೆತ್ತಗಾಗುತ್ತದೆ. ಮಳೆ ನಿಂತ ಮೇಲೂ ಗೋಡೆ ಬೀಳಬಹುದು. ಗೋಡೆ ಉಬ್ಬಿದ್ದರೆ, ಹೊಸ ಬಿರುಕು ಕಂಡರೆ, ಮೇಲಿನಿಂದ ಮಣ್ಣು ಉದುರುತ್ತಿದ್ದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಊರ ಶಾಲೆಯೋ ಸಂಬಂಧಿಕರ ಆರ್‌ಸಿಸಿ ಮನೆಯೋ ಸಾಕು. ಸಂಕೋಚ ಬೇಡ.

ಮರಳಿ ಬಂದಾಗ ನೀರು ಕುದಿಸಿಯೇ ಕುಡಿಯಿರಿ. ಮೂಲೆಗೆ, ಕಟ್ಟಿಗೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಹಾವು ಚೇಳು ಸೇರಿರುತ್ತವೆ. ಕೆಸರು ತೆಗೆಯುವ ಮುಂಚೆ ಹಾನಿಯ ಫೋಟೊ ತೆಗೆದಿಡಿ, ಪರಿಹಾರ ಕೇಳುವಾಗ ಬೇಕಾಗುತ್ತದೆ. ತುರ್ತಿದ್ದರೆ 112ಕ್ಕೆ ಫೋನ್ ಮಾಡಿ.