ಹಳೆಯ ಮಳೆ ದಾಖಲೆ ಆಧರಿಸಿ ಚರಂಡಿ, ಸೇತುವೆ ಕಟ್ಟಿದರೆ ಈಗ ಯಾಕೆ ಸಾಲುತ್ತಿಲ್ಲ?

ಆ ದಾಖಲೆಗಳು ಇಂದಿಗಿಂತ ತಂಪಾಗಿದ್ದ ಕಾಲದವು. ಆಗ ಅಪರೂಪವಾಗಿದ್ದ ಭಾರಿ ಮಳೆ ಈಗ ಬೇಗ ಬೇಗ ಬರುತ್ತಿದೆ.

ತಾಪಮಾನ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 1850–1900ರ ಸರಾಸರಿಗೆ ಹೋಲಿಸಿದರೆ 2011–2020ರಲ್ಲಿ ಭೂಮಿ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ಹಾಗಾಗಿ ಜೋರು ಮಳೆ ಬಂದಾಗ ಅಷ್ಟೇ ಹೊತ್ತಿನಲ್ಲಿ ಹೆಚ್ಚು ನೀರು ಸುರಿಯುತ್ತದೆ. ವರ್ಷದ ಒಟ್ಟು ಮಳೆ ಹೆಚ್ಚದ ಊರಿನಲ್ಲೂ ಹೀಗಾಗಬಹುದು. ಇದನ್ನೇ ಬಹಳ ಜನ ಗಮನಿಸುವುದಿಲ್ಲ: ಚರಂಡಿ ಉಕ್ಕಿ ಹರಿಯುವುದು ವರ್ಷದ ಮಳೆಯಿಂದಲ್ಲ, ಆ ಒಂದೆರಡು ಗಂಟೆಯ ಮಳೆಯಿಂದ.

ಎಂಜಿನಿಯರುಗಳು ‘ನೂರು ವರ್ಷದ ಮಳೆ’ ಅಂತ ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಯಾವುದೇ ಒಂದು ವರ್ಷದಲ್ಲಿ ಅಂಥ ಮಳೆ ಬರುವ ಸಾಧ್ಯತೆ ಶೇ. 1 ಎಂದರ್ಥ. ಈ ಸಾಧ್ಯತೆಯೇ ಏರುತ್ತಿರುವಾಗ ಹಳೆಯ ಅಂಕಿಯನ್ನು ನೆಚ್ಚಿಕೊಳ್ಳುವುದು ಜನರ ಜೀವದ ಪ್ರಶ್ನೆ.

ಸೇತುವೆ ಹಲವು ದಶಕ ನಿಲ್ಲಬೇಕು. ಆದ್ದರಿಂದ ಅದರ ಬಾಳಿಕೆಯ ಕೊನೆಯ ವರ್ಷಗಳಲ್ಲಿ ಎಂಥ ಮಳೆ ಬರಬಹುದು ಎಂದು ಅಂದಾಜಿಸಿಯೇ ಅಳತೆ ನಿಗದಿ ಮಾಡಬೇಕು. ಕಟ್ಟುವಾಗಲೇ ಕೊಳವೆಯನ್ನು ಸ್ವಲ್ಪ ದೊಡ್ಡದಾಗಿ ಹಾಕುವ ಖರ್ಚು, ಆಮೇಲೆ ರಸ್ತೆ ಅಗೆದು ಬದಲಾಯಿಸುವ ಖರ್ಚಿಗಿಂತ ಎಷ್ಟೋ ಕಡಿಮೆ. ನೀರು ನಿಲ್ಲುವ ತಗ್ಗು ಜಾಗಗಳನ್ನು ಮುಚ್ಚದೆ ಹಾಗೇ ಬಿಡುವುದು ಇನ್ನೂ ಅಗ್ಗ.