ಕಡಲ ಪಕ್ಕದ ಮನೆಯಲ್ಲಿ ವಿಂಡೋ ಎಸಿಗೆ ಪದೇ ಪದೇ ಗ್ಯಾಸ್ ಹೋಗುತ್ತೆ, ಏನು ಮಾಡಲಿ?

ಮಲ್ಪೆಯಲ್ಲಿ ಮನೆ, ಎರಡು ವರ್ಷದ ವಿಂಡೋ ಎಸಿ, ಈಗಾಗಲೇ ಎರಡು ಸಲ ಗ್ಯಾಸ್ ತುಂಬಿಸಿ ಆಯ್ತು, ಮೂರನೇ ಸಲ ತುಂಬಿಸಲಾ ಅಂತ ಕೇಳಿದ್ದೀರಿ. ಸದ್ಯ ಬೇಡ. ಗ್ಯಾಸ್ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಹಿಂದಿನ ಕಾಯಿಲ್‌ನ, ಅಂದರೆ ಗ್ಯಾಸ್ ಹರಿಯುವ ಪೈಪುಗಳ ಸಾಲಿನ, ತುದಿಯಲ್ಲಿ ಬೆಸುಗೆ ಹಾಕಿದ ಯು-ಬೆಂಡ್‌ಗಳು (U ಆಕಾರದ ಪೈಪಿನ ತಿರುವುಗಳು) ಇರುತ್ತವಲ್ಲ, ಅಲ್ಲಿಂದ ಹುಡುಕಲು ಮೆಕ್ಯಾನಿಕ್‌ಗೆ ಹೇಳಿ. ಸೋರಿಕೆ ತೋರಿಸದೆ ಸಿಲಿಂಡರ್ ತೆಗೆಯುವವರನ್ನು ಹಾಗೇ ವಾಪಸ್ ಕಳಿಸಿ.

ನನ್ನದು ಸುರತ್ಕಲ್. ಒಂದೇ ದಿನ ತಂದ ಎರಡು ವಿಂಡೋ ಎಸಿಗಳಿದ್ದವು. ಒಂದರ ಹಿಂಭಾಗ ಸನ್‌ಶೇಡ್ ಕೆಳಗೆ, ಇನ್ನೊಂದು ಪೂರ್ತಿ ಮಳೆಗೆ ಬಿದ್ದಿತ್ತು. ಮೊದಲು ಹಾಳಾದದ್ದು ನೆರಳಿನಲ್ಲಿದ್ದದ್ದೇ! ಇನ್ನೊಂದರ ಮೇಲೆ ಕಡಲ ಗಾಳಿ ತಂದು ಕೂರಿಸಿದ ಉಪ್ಪನ್ನು ಪ್ರತಿ ಮಳೆಗಾಲವೂ ಪುಕ್ಕಟೆಯಾಗಿ ತೊಳೆದುಕೊಡುತ್ತಿತ್ತು.

ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತೆ. ಅಡುಗೆಮನೆಯ ಉಪ್ಪಿನ ಭರಣಿ ಮಳೆಗಾಲದಲ್ಲಿ ನೀರು ಬಿಡುವುದೂ ಇದರಿಂದಲೇ. ನಮ್ಮ ಕಡೆ ವರ್ಷದಲ್ಲಿ ಎಷ್ಟೋ ತಿಂಗಳು ಅಷ್ಟು ತೇವ ಇದ್ದೇ ಇರುತ್ತೆ. ತಾಮ್ರದ ಪೈಪು, ಅದಕ್ಕೆ ಅಂಟಿದ ಅಲ್ಯುಮಿನಿಯಂ ಫಿನ್ (ತೆಳು ತಗಡಿನ ಪಟ್ಟಿ), ನಡುವೆ ಉಪ್ಪುನೀರು: ಪುಟ್ಟ ಬ್ಯಾಟರಿಯೇ ಆಯ್ತು. ಸವೆಯುವುದು ಅಲ್ಯುಮಿನಿಯಂ. ಫಿನ್ ಮೇಲೆ ಸುಣ್ಣದಂಥ ಬಿಳಿ ಪುಡಿ ಕಂಡರೆ ಅದು ಶುರುವಾಗಿದೆ ಅಂತ ಲೆಕ್ಕ.

ಹಾಗಾಗಿ ತೊಳೆಯಬೇಕಾದದ್ದು ಹಿಂಭಾಗ. ಫಿಲ್ಟರ್ ಒಂದನ್ನೇ ತೊಳೆದು "ಸರ್ವಿಸ್ ಆಯ್ತು ಸರ್" ಅನ್ನುವುದು ಲೆಕ್ಕಕ್ಕಿಲ್ಲ. ಮಳೆ ಇಲ್ಲದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಹೊರಗಿನಿಂದ ಕೈಗೆ ಎಟುಕುವಂತಿದ್ದರೆ, ಮೆಲ್ಲಗೆ ನೀರು ಬಿಡಿ. ಆದರೆ ಫ್ಯಾನ್ ಗಾಳಿಯನ್ನು ಒಳಗಿನಿಂದ ಹೊರಕ್ಕೆ ತಳ್ಳುವುದರಿಂದ ಕೊಳೆ ಹೆಚ್ಚು ಕೂರುವುದು ಕಾಯಿಲ್‌ನ ಒಳಮೈಯಲ್ಲಿ. ವರ್ಷಕ್ಕೊಮ್ಮೆಯಾದರೂ ಇಬ್ಬರು ಸೇರಿ ಮಷಿನ್ ಹೊರಗೆಳೆದು, ಮೋಟಾರು, ವಯರಿಂಗಿಗೆ ಪ್ಲಾಸ್ಟಿಕ್ ಸುತ್ತಿ ತೊಳೆಯಬೇಕು. ಪ್ರೆಷರ್ ವಾಷರ್ ಬೇಡ, ಫಿನ್ ಮಲಗಿಬಿಡುತ್ತೆ. ಆಸಿಡ್ ಅಂತೂ ಬೇಡವೇ ಬೇಡ.

ಯಾವ ನೀರು ಅನ್ನುವುದೂ ಮುಖ್ಯ. ಒಂದು ಬೇಸಿಗೆ ನಾನು ಬಾವಿ ನೀರಲ್ಲೇ ಶ್ರದ್ಧೆಯಿಂದ ತೊಳೆದೆ. ಏಪ್ರಿಲ್ ಬಂತೆಂದರೆ ನಮ್ಮ ಬಾವಿ ನೀರು ಉಪ್ಪಾಗುತ್ತೆ ಅನ್ನುವುದು ನೆನಪಾಗಲಿಲ್ಲ. ತಂದು ತಂದು ಉಪ್ಪನ್ನೇ ಹೊಯ್ದಿದ್ದೆ. ಕಾಫಿಗೆ ಆಗದ ನೀರು ಎಸಿಗೂ ಬೇಡ.

ಕೆಳಗಿನ ಟ್ರೇ ಕೂಡ ನೋಡಿ. ಎಷ್ಟೋ ವಿಂಡೋ ಎಸಿಗಳಲ್ಲಿ ಟ್ರೇಯಲ್ಲಿ ನಿಂತ ನೀರನ್ನು ಫ್ಯಾನಿನ ಅಂಚಿನ ಬಳೆ ಎತ್ತಿ ಕಾಯಿಲ್‌ಗೆ ಎರಚುತ್ತೆ, ತಂಪಾಗಲಿ ಅಂತ. ನೀರು ಒಳ್ಳೆಯದಿದ್ದರೆ ಲಾಭ. ಉಪ್ಪು, ಕೆಸರು ಸೇರಿದ್ದರೆ ಅದೇ ಮತ್ತೆ ಕಾಯಿಲ್‌ಗೆ. ತೊಳೆದಾಗೆಲ್ಲ ಟ್ರೇ ಖಾಲಿ ಮಾಡಿ, ತುಕ್ಕು ಕೆರೆದು ಜಿಂಕ್ ಪ್ರೈಮರ್ ಹೊಡೆಸಿ. ಫಿನ್‌ಗೆ ಮಾತ್ರ ಮಾಮೂಲಿ ಪೇಂಟ್ ಬಳಿಯಬೇಡಿ. ಮಳೆಗಾಲಕ್ಕೆ ಟಾರ್ಪಾಲು ಸುತ್ತಿಡುವ ಅಭ್ಯಾಸವಿದ್ದರೆ ಬಿಡಿ, ಒಳಗೆ ಪಸೆ ಹಾಗೇ ಕೂರುತ್ತೆ.

ಈಗ ಒಂದು ಕೆಲಸ ಮಾಡಿ: ಪ್ಲಗ್ ಕಿತ್ತು, ಹಿಂದಿನ ಫಿನ್ ಒಂದನ್ನು ಬೆರಳಲ್ಲಿ ಮುಟ್ಟಿ. ಬಾಗಿದರೆ ಸೋರಿಕೆ ಮುಚ್ಚಿಸಿ ಗ್ಯಾಸ್ ತುಂಬಿಸಬಹುದು. ಹಪ್ಪಳದ ಹಾಗೆ ಪುಡಿಯಾದರೆ ಆ ಕಾಯಿಲ್‌ಗೆ ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ.