ಎರಡು ವರ್ಷವಾದರೂ ಮಗು ಮಾತಾಡುತ್ತಿಲ್ಲ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಇದನ್ನು ಯಾರು ಗುರುತಿಸುತ್ತಾರೆ?

ನಿಮ್ಮೂರಿನ ಆಶಾ, ಅಂಗನವಾಡಿ ಕಾರ್ಯಕರ್ತೆಯರೇ ಮೊದಲು ಗುರುತಿಸಬಲ್ಲರು. ಅದಕ್ಕೆ ಯಂತ್ರ ಬೇಡ, ಕೇಳಬೇಕಾದ್ದನ್ನು ಕೇಳಿದರೆ ಸಾಕು. ವರ್ಷಕ್ಕೆ ಹೆಸರು ಕರೆದರೆ ತಿರುಗುತ್ತಾ? ಒಂದೂವರೆ ವರ್ಷಕ್ಕೆ ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾ? ಎರಡು ತುಂಬಿದಾಗ 'ಹಾಲು ಬೇಕು' ಅಂತ ಎರಡು ಪದ ಕೂಡಿಸುತ್ತಾ? ಇಲ್ಲ ಅಂದರೆ ತಡ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ.

ಮೊದಲು ನೋಡಬೇಕಾದ್ದು ಕಿವಿ, ಯಾಕಂದರೆ ಕೇಳಿಸದ ಮಾತನ್ನು ಮಗು ಕಲಿಯೋದಾದರೂ ಹೇಗೆ? ಇಲ್ಲೇ ಜಾಸ್ತಿ ಜನ ಮೋಸಹೋಗೋದು. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿದ್ದರೆ ಬೆಚ್ಚಿಬೀಳುತ್ತೆ, ಹಾಗಾಗಿ ಕಿವಿ ಸರಿಯಿದೆ ಅಂದುಕೊಳ್ತೀವಿ, ಆದರೆ ಜೋರು ಸದ್ದು ಕೇಳುವ ಮಗುವಿಗೂ 'ಸ', 'ತ' ಥರದ ಮೆಲು ದನಿಗಳು ಕೇಳದೇ ಇರಬಹುದು. ನಮ್ಮ ಮಳೆಗಾಲದಲ್ಲಿ ಪದೇಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿಯ ಪರದೆ ಹಿಂದೆ ನೀರು ತುಂಬಿಯೂ ಹೀಗಾಗುತ್ತೆ, ಇದಕ್ಕೆ ಚಿಕಿತ್ಸೆ ಇದೆ.

ಒಂದೂವರೆ ವರ್ಷದ ಚುಚ್ಚುಮದ್ದಿಗೆ ಹೋಗ್ತೀರಲ್ವಾ, ಆವತ್ತೇ ಕೇಳಿಬಿಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೂ ಬರುತ್ತೆ. ಹೆಚ್ಚಿನ ಪರೀಕ್ಷೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಅದಕ್ಕೂ ಮೀರಿದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ.

'ಅವರಪ್ಪನೂ ತಡವಾಗೇ ಮಾತಾಡಿದ್ದು' ಅಂತ ಅಜ್ಜಿ ಹೇಳಬಹುದು. ಇರಲಿ, ಸುಮ್ನೆ ಒಮ್ಮೆ ಕಿವಿ ತೋರಿಸಿ ಬನ್ನಿ.